ಗೋಡೆಯ ಮೇಲಿನ ಇದ್ದಿಲ ಹೆಸರು

ಪಾಳುಗೋಡೆಯ ಮೇಲೆ ಯಾರಾದರೂ ತಮ್ಮ ಹೆಸರು ಗೀಚಿ ಹೋಗಿದ್ದರೆ ನಮಗೆ ಸಿಟ್ಟು ಬರುತ್ತದೆ. ಬರಬೇಕಾದದ್ದೇ. ಆದರೆ 1909ರ ಫೆಬ್ರವರಿಯಲ್ಲಿ, ಪೆರು ದೇಶದ ಅಪುರಿಮಾಕ್ ನದಿಯ ಕಮರಿಯ ಮೇಲೆ, ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಒಬ್ಬ ಮೇಷ್ಟ್ರು ಅಂಥ ಗೀಚಿದ ಹೆಸರುಗಳನ್ನು ಒಂದೂ ಬಿಡದೆ ತನ್ನ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದ. 1834ರಲ್ಲಿ ಬಂದುಹೋಗಿದ್ದ ಫ್ರಾನ್ಸಿನ ಯುಜೀನ್ ದ ಸಾರ್ತಿಜ್, ಅದೇ ವರ್ಷದ ಹೊಸೆ ಮರಿಯಾ ತೆಹಾದಾ ಮತ್ತು ಮಾರ್ಸೆಲಿನೊ ಲಿಯೋನ್, 1861ರ ಇನ್ನೊಂದು ಗುಂಪು, 1885ರ ಪಿಯೊ ಮೊಗ್ರೊವೆಹೊ. ಆ ಪಾಳು ಊರು ಚೊಕೆಕಿರಾವ್. ಮೇಷ್ಟ್ರ ಹೆಸರು ಹೈರಮ್ ಬಿಂಗಮ್.

ಆತ ಪುರಾತತ್ವ ಓದಿದವನಲ್ಲ, ದಕ್ಷಿಣ ಅಮೆರಿಕದ ಇತಿಹಾಸ ಪಾಠ ಹೇಳುತ್ತಿದ್ದವನು. ಅಲ್ಲಿನ ಪ್ರಿಫೆಕ್ಟ್, ಅಂದರೆ ನಮ್ಮ ಜಿಲ್ಲಾಧಿಕಾರಿಯಂಥ ಅಧಿಕಾರಿ, ಹಟ ಹಿಡಿದು ಕಳಿಸಿದ್ದರಿಂದ ಮಳೆಗಾಲದ ಕೆಸರು ತುಳಿದು ಹತ್ತಿ ಬಂದಿದ್ದ. ಹಳೆಯ ನಗರವೊಂದು ಎದುರಾದರೆ ಮಾಡಬೇಕಾದದ್ದೇನು ಎಂಬುದು ಆತನಿಗೆ ತಿಳಿದಿರಲಿಲ್ಲ. ಚೀಲದಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಪ್ರಯಾಣಿಕರಿಗೆಂದು ಅಚ್ಚುಹಾಕಿಸಿದ್ದ ಕೈಪಿಡಿಯೊಂದಿತ್ತು. ಅಳತೆ ತೆಗೆದುಕೊಳ್ಳಿ, ಫೋಟೊ ತೆಗೆಯಿರಿ ಎಂದು ಅದು ಹೇಳುತ್ತಿತ್ತು. ಆತ ಅಳೆದ, ಫೋಟೊ ತೆಗೆದ, ಗೋಡೆಯ ಹೆಸರುಗಳನ್ನೂ ಬರೆದುಕೊಂಡ.

ಎರಡು ವರ್ಷ ಕಳೆದು ಇದೇ ಮನುಷ್ಯ ಮಾಚು ಪಿಚುವಿನ ಗೋಡೆಯೊಂದರ ಮುಂದೆ ನಿಂತಾಗ ಅಲ್ಲೂ ಒಂದು ಹೆಸರಿತ್ತು. ಇದ್ದಿಲಿನಲ್ಲಿ ಬರೆದದ್ದು. ಆ ಹೆಸರಿಗೇನಾಯಿತು ಎಂಬುದನ್ನು ಹೇಳಬೇಕೆಂದೇ ಈ ಲೇಖನ. ಆದರೆ ಅದಕ್ಕೆ ಆತ ಬಂದ ದಾರಿಯಲ್ಲೇ ನಡೆದು ಹೋಗಬೇಕು. ಆ ದಾರಿಯ ಒಂದೊಂದು ತಿರುವಿನಲ್ಲೂ ಯಾರೋ ಒಬ್ಬರು ನಿಂತು, ಹೀಗೆ ಹೋಗಿ ಎಂದು ಕೈ ತೋರಿಸಿದ್ದಾರೆ.

ಬಿಂಗಮ್ ಹುಡುಕಿಕೊಂಡು ಹೊರಟದ್ದು ಮಾಚು ಪಿಚುವನ್ನಲ್ಲ. ಆತನಿಗೆ ಬೇಕಿದ್ದದ್ದು ಇಂಕಾ ದೊರೆಗಳ ಕೊನೆಯ ರಾಜಧಾನಿ ವಿಲ್ಕಬಾಂಬಾ. ಸ್ಪೇನಿನವರು ಕುಸ್ಕೊ ನಗರವನ್ನು ಹಿಡಿದ ಮೇಲೆ, ಅವರೇ ಪಟ್ಟ ಕಟ್ಟಿದ್ದ ಮಾಂಕೊ ಇಂಕಾ 1536ರಲ್ಲಿ ಅವರ ವಿರುದ್ಧ ತಿರುಗಿಬಿದ್ದ. ಮುತ್ತಿಗೆ ಫಲಿಸಲಿಲ್ಲ. ಒಯಾಂತಾಯ್ತಾಂಬೊ ಕೋಟೆಯಲ್ಲಿ ಸ್ಪೇನಿನ ಕುದುರೆ ಪಡೆಯನ್ನು ಒಮ್ಮೆ ಹಿಮ್ಮೆಟ್ಟಿಸಿದನಾದರೂ ಅಲ್ಲಿ ಉಳಿಯಲಾಗದೆ ಬೆಟ್ಟಗಳಾಚೆಯ ಕಾಡಿಗೆ ಸರಿದ. ಅಲ್ಲಿ ಆತನೂ ಆತನ ಮಕ್ಕಳೂ ಮೂವತ್ತೈದು ವರ್ಷ ಪುಟ್ಟದೊಂದು ರಾಜ್ಯವನ್ನು ಉಳಿಸಿಕೊಂಡಿದ್ದರು. 1572ರಲ್ಲಿ ಸ್ಪೇನಿನ ಸೈನ್ಯ ಒಳನುಗ್ಗಿತು. ಊರು ಸುಟ್ಟು ಬಿದ್ದಿತ್ತು. ಕೊನೆಯ ದೊರೆ ತುಪಾಕ್ ಅಮಾರುವನ್ನು ಹಿಡಿದು ತಂದು ಕುಸ್ಕೊದ ಚೌಕದಲ್ಲಿ ತಲೆ ಕಡಿದರು. ಆಮೇಲೆ ಕಾಡು ಆ ಊರನ್ನು ನುಂಗಿತು.

ಚೊಕೆಕಿರಾವ್‌ ಅನ್ನೇ ಆ ಊರೆಂದು ಬಹಳ ಮಂದಿ ನಂಬಿದ್ದರು. ಅಲ್ಲ ಎಂದವರು ಲಿಮಾದ ಇತಿಹಾಸಕಾರ ಕಾರ್ಲೋಸ್ ರೊಮೆರೊ. 17ನೇ ಶತಮಾನದಲ್ಲಿ ಕಾಲಾಂಚಾ ಎಂಬ ಪಾದ್ರಿ ಬರೆದಿಟ್ಟ ಚರಿತ್ರೆಯಲ್ಲಿ ಒಂದು ಸುಳಿವಿತ್ತು: ವಿಟ್ಕೋಸ್ ಎಂಬ ಊರಿನ ಹತ್ತಿರ, ನೀರಿನ ಚಿಲುಮೆಯೊಂದರ ಮೇಲೆ ದೊಡ್ಡದೊಂದು ಬಿಳಿಬಂಡೆ, ಅದರ ಬಳಿ ಸೂರ್ಯನ ಗುಡಿ. ಹುಡುಕುವುದಾದರೆ ಅಲ್ಲಿ ಹುಡುಕಬೇಕು ಎಂದರು ರೊಮೆರೊ. ಇದು ಮೊದಲ ಕೈಮರ.

ಎರಡನೆಯ ಕೈಮರ ಕುಸ್ಕೊದಲ್ಲಿ ಸಿಕ್ಕಿತು. ಅಲ್ಲಿನ ವಿಶ್ವವಿದ್ಯಾಲಯದ ಮುಖ್ಯಸ್ಥ ಆಲ್ಬರ್ಟ್ ಗೀಸೆಕೆ ಅಮೆರಿಕದವನೇ. 1911ರ ಆರಂಭದಲ್ಲಿ ಮಳೆಯಲ್ಲಿ ನೆನೆಯುತ್ತ ಉರುಬಾಂಬಾ ಕಣಿವೆಯಲ್ಲಿ ಇಳಿದು ಹೋಗಿದ್ದಾಗ, ನದಿಯಂಚಿನ ರೈತನೊಬ್ಬ ಮೇಲಿನ ಬೆಟ್ಟದಲ್ಲಿ ಹಳೆಯ ಕಟ್ಟಡಗಳಿವೆ ಎಂದು ಆತನಿಗೆ ಹೇಳಿದ್ದ. ಒಣಹವೆಯಲ್ಲಿ ಬನ್ನಿ, ಕರೆದುಕೊಂಡು ಹೋಗುತ್ತೇನೆ ಎಂದೂ ಹೇಳಿದ್ದ. ಗೀಸೆಕೆಗೆ ಮತ್ತೆ ಹೋಗಲಾಗಲಿಲ್ಲ. ಆ ರೈತನ ಹೆಸರನ್ನು ಬಿಂಗಮ್‌ಗೆ ದಾಟಿಸಿದ: ಮೆಲ್ಚೋರ್ ಆರ್ತೆಯಾಗಾ.

1911ರ ಜುಲೈ 19ರಂದು ಹೇಸರಗತ್ತೆಗಳ ಮೇಲೆ ಸಾಮಾನು ಹೇರಿಕೊಂಡು ತಂಡ ಕುಸ್ಕೊ ಬಿಟ್ಟಿತು. ಕುಸ್ಕೊ ಇರುವುದು ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದಲ್ಲಿ. ಅಲ್ಲಿಂದ ದಾರಿ ಇಳಿಯುತ್ತ ಹೋಗುತ್ತದೆ. ಮೊದಲು ಮುಸುಕಿನ ಜೋಳದ ಹೊಲಗಳ ಅಗಲ ಕಣಿವೆ, ಆಮೇಲೆ ಒಯಾಂತಾಯ್ತಾಂಬೊ, ಅದನ್ನು ದಾಟಿದ ಮೇಲೆ ಎರಡೂ ಕಡೆಯ ಬೆಟ್ಟಗಳು ಹತ್ತಿರ ಹತ್ತಿರ ಬಂದು ನದಿಯನ್ನು ಒತ್ತಿಹಿಡಿಯುತ್ತವೆ. ಒಣ ಬೆಟ್ಟ ಹೋಗಿ ಹಸಿಕಾಡು ಬರುತ್ತದೆ. ಕಡಿದಾದ ಬಂಡೆಗಳಿಂದ ಬಳ್ಳಿ ಇಳಿಬಿದ್ದಿರುತ್ತದೆ, ಕೆಳಗೆ ನದಿ ಭೋರ್ಗರೆಯುತ್ತದೆ.

ನೂರಾರು ವರ್ಷ ಮಾಚು ಪಿಚು ಹೊರಗಿನವರ ಕಣ್ಣಿಗೆ ಬೀಳದೆ ಉಳಿದದ್ದಕ್ಕೆ ಕಾರಣ ಈ ಕಮರಿ. ಇದರೊಳಗೆ ದಾರಿಯೇ ಇರಲಿಲ್ಲ. ಒಯಾಂತಾಯ್ತಾಂಬೊದಿಂದ ಕೆಳಗಿನ ಬಿಸಿಸೀಮೆಗೆ ಹೋಗುವವರು ಹಿಮದ ಕಣಿವೆಬಾಯಿ ಹತ್ತಿ ಸುತ್ತಿ ಹೋಗುತ್ತಿದ್ದರು. 1875ರ ಹೊತ್ತಿಗೆ ಬಂದಿದ್ದ ಚಾರ್ಲ್ಸ್ ವೀನರ್ ಎಂಬ ಪ್ರವಾಸಿಗೆ ಮಾಚು ಪಿಚು, ಹುಯ್ನಾ ಪಿಚು ಎಂಬ ಹೆಸರುಗಳನ್ನು ಊರವರೇ ಹೇಳಿದ್ದರು. 1880ರಲ್ಲಿ ಆತ ಅಚ್ಚುಹಾಕಿಸಿದ ನಕಾಶೆಯಲ್ಲಿ ಅವೆರಡೂ ಇವೆ. ಅಲ್ಲಿಗೆ ಮುಟ್ಟಲು ಮಾತ್ರ ಆತನಿಗಾಗಲಿಲ್ಲ. 19ನೇ ಶತಮಾನದ ಕೊನೆಗೆ ಪೆರು ಸರ್ಕಾರ ನದಿಯ ಪಕ್ಕದ ಬಂಡೆ ಸಿಡಿಸಿ ಹೇಸರಗತ್ತೆಗಳು ನಡೆಯುವಷ್ಟು ದಾರಿ ಕಡಿಸಿತು. ಕಬ್ಬಿನ, ಕೋಕಾದ ತೋಟಗಳಿಂದ ಸರಕು ಸಾಗಲೆಂದು ಮಾಡಿದ ದಾರಿ ಅದು. ಬಂಡೆಗೆ ಮದ್ದು ಇಟ್ಟು ಆ ದಾರಿ ಕಡಿದ ಕೂಲಿಗಳ ಪಾಲು ಈ ಕಥೆಯಲ್ಲಿ ಬಹಳ ದೊಡ್ಡದು ಎಂದು ನನಗನಿಸುತ್ತದೆ.

ಈಗ ಆ ದಾರಿ ಹುಡುಕಿದರೆ ಬಹುಪಾಲು ರೈಲುಹಳಿಯೇ ಸಿಗುತ್ತದೆ. ಒಯಾಂತಾಯ್ತಾಂಬೊದಿಂದ ಹೊರಟ ರೈಲು ನದಿಯ ಪಕ್ಕದಲ್ಲೇ ಸಾಗಿ ಆಗ್ವಾಸ್ ಕಾಲಿಯೆಂತೆಸ್ ಎಂಬ, ಬಿಸಿನೀರಿನ ಬುಗ್ಗೆಗಳ ಊರಿಗೆ ಬರುತ್ತದೆ. ಹಳಿ ಮುಂದೆ ಜಲವಿದ್ಯುತ್ ಸ್ಥಾವರದವರೆಗೂ ಇದೆ. ಒಂದು ಕಾಲಕ್ಕೆ ಇನ್ನೂ ಕೆಳಗೆ ಕಿಯಾಬಾಂಬಾವರೆಗೆ ಹೋಗುತ್ತಿತ್ತು. 1998ರಲ್ಲಿ ಪಕ್ಕದ ಕಣಿವೆಯಿಂದ ಕಲ್ಲು ಮಣ್ಣಿನ ಮಹಾಪ್ರವಾಹ ನುಗ್ಗಿ ಸ್ಥಾವರವನ್ನೂ ಮುಂದಿನ ಹಳಿಯನ್ನೂ ಹೂತುಹಾಕಿತು. ದುಡ್ಡು ಉಳಿಸಬೇಕೆನ್ನುವ ಚಾರಣಿಗರು ಈಗ ಸ್ಥಾವರದ ಬಳಿ ಇಳಿದು, ಹಳಿಯ ಪಕ್ಕದಲ್ಲೇ ಸುಮಾರು 10 ಕಿಲೋಮೀಟರ್ ನಡೆದು ಆಗ್ವಾಸ್ ಕಾಲಿಯೆಂತೆಸ್ ಸೇರುತ್ತಾರೆ. ಬಾಳೆಗಿಡಗಳ ನಡುವಿನ ಆ ನಡಿಗೆಯಲ್ಲಿ ಮಂದೋರ್ ಎಂಬ ಜಾಗ ಸಿಗುತ್ತದೆ. ಬಿಂಗಮ್ ಜುಲೈ 23ರ ಸಂಜೆ ಡೇರೆ ಹಾಕಿದ್ದು ಈ ಮಂದೋರ್ ಪಂಪದಲ್ಲೇ. ಪಂಪ ಎಂದರೆ ಅಲ್ಲಿನ ಕೆಚುವಾ ಭಾಷೆಯಲ್ಲಿ ಬಯಲು.

ಅಲ್ಲಿ ಹುಲ್ಲುಮಾಡಿನ ಗುಡಿಸಲು ಕಟ್ಟಿಕೊಂಡು, ಹೋಗಿಬರುವವರಿಗೆ ತಿಂಡಿಯನ್ನೂ ಹೆಂಡವನ್ನೂ, ಅವರ ಪ್ರಾಣಿಗಳಿಗೆ ಹುಲ್ಲನ್ನೂ ಮಾರುತ್ತ ಬದುಕಿದ್ದವನು ಆರ್ತೆಯಾಗಾ.

ಮರುದಿನ ಬೆಳಗ್ಗೆ ಜಿಟಿಜಿಟಿ ಮಳೆ. ಆರ್ತೆಯಾಗಾ ಚಳಿಗೆ ನಡುಗುತ್ತ, ಈ ಮಳೆಯಲ್ಲಿ ಹತ್ತಲಾಗದು ಎಂದ. ಬಿಂಗಮ್ ಒಂದು ಬೆಳ್ಳಿಯ ಸೋಲ್ ನಾಣ್ಯ ಕೊಡುತ್ತೇನೆ ಎಂದಾಗ ಒಪ್ಪಿಕೊಂಡ. ಆ ಸೀಮೆಯಲ್ಲಿ ಅದು ಮೂರು ನಾಲ್ಕು ದಿನದ ಕೂಲಿ. ತಂಡದ ಇತರರು ಬರಲಿಲ್ಲ. ಜೀವವಿಜ್ಞಾನಿ ಫೂಟ್‌ಗೆ ನದಿಯಂಚಿನ ಚಿಟ್ಟೆಗಳೇ ಸಾಕಿದ್ದವು, ವೈದ್ಯ ಅರ್ವಿಂಗ್‌ಗೆ ಬಟ್ಟೆಯ ಕೆಲಸವಿತ್ತು. ಹೊರಟದ್ದು ಮೂವರು: ಬಿಂಗಮ್, ಆರ್ತೆಯಾಗಾ, ಮತ್ತು ಸರ್ಕಾರ ಕಾವಲಿಗೆ ಕೊಟ್ಟಿದ್ದ ಸಾರ್ಜೆಂಟ್ ಕರಾಸ್ಕೊ. ಕೆಚುವಾ ಮಾತು ಬರುತ್ತಿದ್ದದ್ದು ಕರಾಸ್ಕೊಗೆ. ಪಾಳು ಎಲ್ಲಿದೆ ಎಂದು ಆತನ ಮೂಲಕ ಕೇಳಿದರೆ ಆರ್ತೆಯಾಗಾ ಕೈಯೆತ್ತಿ ನೇರ ಬೆಟ್ಟದ ನೆತ್ತಿ ತೋರಿಸಿದ.

ನದಿಗೆ ಇದ್ದದ್ದು ದಿಮ್ಮಿ ಸೇತುವೆ. ಬಂಡೆಯಿಂದ ಬಂಡೆಗೆ ಸಣ್ಣ ಸಣ್ಣ ಮರದ ದಿಮ್ಮಿಗಳನ್ನು ಹಾಸಿ ಬಳ್ಳಿಯಿಂದ ಬಿಗಿದಿದ್ದರು. ಕೆಳಗೆ ನೊರೆಯೆದ್ದ ನೀರು. ಬಿದ್ದವನು ಬಂಡೆಗೆ ಬಡಿದು ಚೂರಾಗುತ್ತಾನೆ. ಆರ್ತೆಯಾಗಾ, ಕರಾಸ್ಕೊ ಇಬ್ಬರೂ ಪಾದರಕ್ಷೆ ಕಳಚಿ, ಕಾಲ್ಬೆರಳಿನಿಂದ ಮರ ಹಿಡಿಯುತ್ತ ದಾಟಿದರು. ಬಿಂಗಮ್ ಅಂಬೆಗಾಲಿಕ್ಕಿ, ಒಂದೊಂದು ಸಲಕ್ಕೆ ಗೇಣಿಗಿಂತ ಕಡಿಮೆ ದೂರ ತೆವಳುತ್ತ ದಾಟಿದ. ಇದನ್ನು ಆತನೇ ಮುಚ್ಚುಮರೆಯಿಲ್ಲದೆ ಬರೆದುಕೊಂಡಿದ್ದಾನೆ. ಆತನ ಬರಹದಲ್ಲಿ ನನಗೆ ಹೆಚ್ಚು ಇಷ್ಟವಾಗುವ ಜಾಗ ಇದು.

ಆಮೇಲೆ ಏರು. ಹುಲ್ಲು ಹಿಡಿದು, ಬೇರು ಹಿಡಿದು, ಕೆಲವೆಡೆ ಮರಕ್ಕೆ ಮೆಟ್ಟಿಲು ಕೊಚ್ಚಿ ಒರಗಿಸಿದ್ದ ಏಣಿ ಹಿಡಿದು, ಬೆವರು ಸುರಿಸುತ್ತ ಹತ್ತಿದರು. ವಿಷದ ಹಾವುಗಳ ಸೀಮೆ ಅದು. ಮಧ್ಯಾಹ್ನದ ಹೊತ್ತಿಗೆ ಒಂದು ಗುಡಿಸಲು ಎದುರಾಯಿತು. ಅಲ್ಲಿದ್ದ ರಿಚಾರ್ತೆ ಮತ್ತು ಆಲ್ವಾರೆಸ್ ಎಂಬ ರೈತರು ಸೋರೆಬುರುಡೆಯಲ್ಲಿ ತಣ್ಣನೆಯ ನೀರು ತಂದುಕೊಟ್ಟರು. ಬೇಯಿಸಿದ ಗೆಣಸು ಮುಂದಿಟ್ಟರು.

ಈ ಗೆಣಸಿನ ಬಳಿ ಸ್ವಲ್ಪ ನಿಲ್ಲಬೇಕು. ಅಲ್ಲಿ ಅದಕ್ಕೆ ಕುಮಾರಾ ಎನ್ನುತ್ತಾರೆ ಎಂದು ಬಿಂಗಮ್ ಬರೆಯುತ್ತಾನೆ. ಪೆಸಿಫಿಕ್ ಸಾಗರದ ಎಷ್ಟೋ ದ್ವೀಪಗಳಲ್ಲೂ ಗೆಣಸಿಗೆ ಹೆಚ್ಚುಕಡಿಮೆ ಇದೇ ಹೆಸರು. ಬಿಂಗಮ್ ಹುಟ್ಟಿದ್ದು 1875ರಲ್ಲಿ, ಹವಾಯಿಯ ಹೊನೊಲುಲುವಿನಲ್ಲಿ. ಅಪ್ಪನೂ ತಾತನೂ ಪಾದ್ರಿಗಳಾಗಿ ಆ ದ್ವೀಪಗಳಲ್ಲಿ ಬಾಳಿದವರು. ಆ ಸಾಮ್ಯವನ್ನೂ ಆತ ಬರೆದಿದ್ದಾನೆ. ಕೊಲಂಬಸ್ ಹುಟ್ಟುವುದಕ್ಕೂ ಮುಂಚೆ ಗೆಣಸು ದಕ್ಷಿಣ ಅಮೆರಿಕದಿಂದ ಆ ದ್ವೀಪಗಳಿಗೆ ದಾಟಿತ್ತು ಎಂಬುದು ಈಗ ಉತ್ಖನನದಿಂದ ತಿಳಿದಿದೆ. ಸಂಕ್ರಾಂತಿಯ ದಿನ ಹಳೇ ಮೈಸೂರಿನ ಮನೆಗಳಲ್ಲಿ ಅವರೆಕಾಯಿಯ ಜೊತೆ ಬೇಯುವ ಗೆಣಸು, ಕಡಲೆಕಾಯಿ ಎರಡೂ ಮೂಲತಃ ಅಮೆರಿಕ ಖಂಡದವೇ. ನಮಗೆ ಅವನ್ನು ಮೊದಲು ತಂದುಕೊಟ್ಟವರು ಯಾರೋ, ಅವರ ಹೆಸರೂ ನಮಗೆ ಗೊತ್ತಿಲ್ಲ.

ರಿಚಾರ್ತೆ, ಆಲ್ವಾರೆಸ್ ಕುಟುಂಬಗಳು ಅಲ್ಲಿ ನಾಲ್ಕು ವರ್ಷದಿಂದ ಇದ್ದವು. ಸೈನ್ಯಕ್ಕೆ ಹಿಡಿದೊಯ್ಯುವವರ, ಕಂದಾಯ ಕೇಳುವವರ ಕಾಟ ಅಷ್ಟು ಎತ್ತರಕ್ಕೆ ಬರುತ್ತಿರಲಿಲ್ಲ. ಐದು ಶತಮಾನ ಹಿಂದಿನ ಇಂಕಾ ಮೆಟ್ಟಿಲುಗದ್ದೆಗಳ ಮಣ್ಣು ಇನ್ನೂ ಫಲವತ್ತಾಗಿತ್ತು. ಪೊದೆ ಸುಟ್ಟು, ಮುಸುಕಿನ ಜೋಳ, ಆಲೂಗಡ್ಡೆ, ಕಬ್ಬು, ಹುರುಳಿಕಾಯಿ, ಮೆಣಸಿನಕಾಯಿ ಬೆಳೆದಿದ್ದರು. ಇಂಕಾ ಕಾಲುವೆಯ ನೀರನ್ನೇ ಬಳಸುತ್ತಿದ್ದರು. ಕಳೆದುಹೋದ ನಗರ ಎಂದು ಮುಂದೆ ಜಗತ್ತು ಕರೆದ ಜಾಗದಲ್ಲಿ ಒಲೆ ಉರಿಯುತ್ತಿತ್ತು, ಮಕ್ಕಳು ಆಡುತ್ತಿದ್ದವು.

ಆರ್ತೆಯಾಗಾ ಅಲ್ಲೇ ಹರಟೆಗೆ ಕುಳಿತ. ಬಿಂಗಮ್ ಜೊತೆಗೆ ಒಬ್ಬ ಪುಟ್ಟ ಹುಡುಗನನ್ನು ಕಳಿಸಿದರು. ಆ ಹುಡುಗ ಗುಡ್ಡದ ಮೂಲೆ ತಿರುಗಿಸಿದ. ಹತ್ತಡಿ ಎತ್ತರದ ಕಲ್ಲಿನ ಮೆಟ್ಟಿಲುಗದ್ದೆಗಳು, ಸುಮಾರು ನೂರು. ಅವನ್ನು ದಾಟಿ ಕಾಡು ಹೊಕ್ಕರೆ ಬಿದಿರು, ಬಳ್ಳಿ, ಪಾಚಿಯ ಕೆಳಗೆ ಬಿಳಿಯ ಗ್ರಾನೈಟಿನ ಗೋಡೆಗಳು. ಗಾರೆಯಿಲ್ಲ, ಕಲ್ಲಿಗೆ ಕಲ್ಲು ಕೂಡಿಸಿದ ಕೆಲಸ. ಬಂಡೆಯ ಬಾಗಿಗೆ ಬಾಗಿ ನಿಂತ ಅರ್ಧವೃತ್ತದ ಗೋಡೆ. ಮೂರು ದೊಡ್ಡ ಕಿಟಕಿಗಳ ಗುಡಿ. ಬಿಂಗಮ್ ಉಸಿರು ಬಿಗಿಹಿಡಿದು ನೋಡಿದ, ಕೊಡಾಕ್ ಕ್ಯಾಮೆರಾದಲ್ಲಿ ಚಿತ್ರ ತೆಗೆದ, ಅಳತೆ ತೆಗೆದ.

ಮೂರು ಕಿಟಕಿಯ ಗುಡಿಯ ಗೋಡೆಯಲ್ಲಿ ಇದ್ದಿಲಿನಲ್ಲಿ ಬರೆದಿತ್ತು: ಲಿಸಾರಾಗಾ, 1902.

ಅಗುಸ್ತಿನ್ ಲಿಸಾರಾಗಾ ಕೆಳಗಿನ ಸ್ಯಾನ್ ಮಿಗೆಲ್ ಸೇತುವೆಯ ಬಳಿ ಹೊಲ ಗೇಯುತ್ತಿದ್ದ ಮನುಷ್ಯ. ಮರುದಿನ ಬಿಂಗಮ್ ತನ್ನ ದಿನಚರಿಯಲ್ಲಿ, ಮಾಚು ಪಿಚುವನ್ನು ಕಂಡುಹಿಡಿದವನು ಲಿಸಾರಾಗಾ ಎಂದೇ ಗುರುತು ಹಾಕಿಕೊಂಡ. ಆ ಮಾತು ದಿನಚರಿಯಲ್ಲೇ ಉಳಿಯಿತು. ಮುಂದಿನ ವರ್ಷ ಉತ್ಖನನಕ್ಕೆಂದು ಗೋಡೆಗಳನ್ನು ತೊಳೆದು ಉಜ್ಜಿದಾಗ ಇದ್ದಿಲು ಹೋಯಿತು. ಅದೇ 1912ರಲ್ಲಿ ಲಿಸಾರಾಗಾ ನದಿಯಲ್ಲಿ ಮುಳುಗಿ ತೀರಿಕೊಂಡ. ವರ್ಷಗಳು ಉರುಳಿದಂತೆ ಬಿಂಗಮ್‌ನ ಬರಹಗಳಲ್ಲೂ ಆ ಹೆಸರು ಮಸುಕಾಯಿತು. ದಾರಿ ಹೇಳಿದ ಗೀಸೆಕೆಗೂ ಸಲ್ಲಬೇಕಾದ ಮಾತು ಸಲ್ಲಲಿಲ್ಲ. ಚೊಕೆಕಿರಾವ್‌ನ ಗೋಡೆಯಿಂದ ಅಷ್ಟೂ ಹೆಸರುಗಳನ್ನು ಎತ್ತಿ ಬರೆದುಕೊಂಡಿದ್ದ ಕೈಯೇ ಇದು ಎಂಬುದು ನನಗೆ ನೋವಿನ ಸಂಗತಿ.

ಬಿಂಗಮ್ ಮಾಡಿದ್ದು ಸಣ್ಣ ಕೆಲಸವಲ್ಲ. ಅಳೆದು, ನಕಾಶೆ ಬರೆಸಿ, ಸಾವಿರಾರು ಚಿತ್ರ ತೆಗೆದು ಜಗತ್ತಿಗೆ ತೋರಿಸಿದವನು ಆತನೇ. 1913ರ ಏಪ್ರಿಲ್‌ನ ನ್ಯಾಷನಲ್ ಜಿಯಾಗ್ರಫಿಕ್ ಸಂಚಿಕೆಯನ್ನು ಪೂರ್ತಿ ಅದಕ್ಕೇ ಮೀಸಲಿಟ್ಟರು. ಕೇಳುವ ಗುಣ ಆತನಲ್ಲಿತ್ತು. ಕೇಳಿದ ಮೇಲೆ, ಮಳೆ ಬಂದರೂ ಸೇತುವೆ ಅಲುಗಿದರೂ ಹೊರಡುವ ಗುಣವೂ ಇತ್ತು.

ವಿಚಿತ್ರವೆಂದರೆ, ಆ ದಿನ ಆತ ಮಾಚು ಪಿಚುವಿನಲ್ಲಿ ಇದ್ದದ್ದು ಕೆಲವೇ ತಾಸು. ಸಂಜೆಗೆ ಡೇರೆಗೆ ಇಳಿದ, ಆಮೇಲೆ ಮುಂದಕ್ಕೆ ಹೊರಟ. ಆತನ ತಲೆಯಲ್ಲಿದ್ದದ್ದು ಬಿಳಿಬಂಡೆ. ವಿಲ್ಕಬಾಂಬಾ ನದಿಯ ಕಣಿವೆಯಲ್ಲಿ, ಒಂದೊಂದು ಪಾಳು ತೋರಿಸಿದರೆ ಒಂದೊಂದು ಸೋಲ್, ಬಹಳ ಒಳ್ಳೆಯದಾದರೆ ಎರಡು ಎಂದು ಲೂಕ್ಮಾ ಹಳ್ಳಿಯ ಅಧಿಕಾರಿ, ಇನ್ನೊಬ್ಬ ಮೊಗ್ರೊವೆಹೊ ಜೊತೆ ಮಾತಾಯಿತು. ಆಗಸ್ಟ್‌ನಲ್ಲಿ ವಿಟ್ಕೋಸ್ ಸಿಕ್ಕಿತು, ಮಾಂಕೊ ಇಂಕಾನನ್ನು ಆತನೇ ಆಶ್ರಯ ಕೊಟ್ಟಿದ್ದ ಸ್ಪೇನಿನವರು ಇರಿದು ಕೊಂದ ಜಾಗ. ಸನಿಹದಲ್ಲೇ ಚಿಲುಮೆಯ ಮೇಲೆ ಕೆತ್ತನೆಯ ಮಹಾಬಂಡೆ ನಿಂತಿತ್ತು, ಪಾದ್ರಿಯ ಪುಸ್ತಕದಲ್ಲಿ ಇದ್ದ ಹಾಗೆಯೇ.

ಅಲ್ಲಿಂದ ಇನ್ನೂ ಕೆಳಗೆ, ಬಿಸಿಕಾಡಿನೊಳಗೆ ಸಾವೆದ್ರಾ ಎಂಬ ತೋಟಗಾರನಿದ್ದ. ಆತ ಬಲು ಕ್ರೂರಿ, ಹತ್ತಿರ ಹೋಗಬೇಡಿ ಎಂದು ದಾರಿಯುದ್ದಕ್ಕೂ ಹೆದರಿಸಿದ್ದರು. ಹೋಗಿ ನೋಡಿದರೆ ಸೌಮ್ಯ ಸ್ವಭಾವದ ಮನುಷ್ಯ, ಕಬ್ಬು ಬೆಳೆದು ಬೆಲ್ಲ ಮಾಡಿಕೊಂಡಿದ್ದ. ಬಂದವರಿಗೆ ಊಟ ಹಾಕಿದ, ಕಾಡಿನ ದಾರಿ ಬಿಡಿಸಿಕೊಟ್ಟ. ಎಸ್ಪಿರಿತು ಪಂಪ ಎಂಬಲ್ಲಿ ಮರದ ಬೇರುಗಳ ನಡುವೆ ಇಂಕಾ ಗೋಡೆಗಳು ಕಂಡವು. ಒಂದಿಷ್ಟು ಮಣ್ಣಿನ ಹೆಂಚೂ ಸಿಕ್ಕಿತು. ಇಂಕಾ ಮನೆಗಳಿಗೆ ಹುಲ್ಲಿನ ಮಾಡು. ಹೆಂಚು ಸ್ಪೇನಿನವರ ರೂಢಿ. ಸ್ಪೇನಿನವರನ್ನು ಕಂಡಿದ್ದ ಇಂಕಾಗಳು ಕಟ್ಟಿದ ಊರು ಇದು ಎಂದು ಆ ಹೆಂಚೇ ಹೇಳುತ್ತಿತ್ತು.

ಬಿಂಗಮ್ ಹುಡುಕುತ್ತಿದ್ದ ವಿಲ್ಕಬಾಂಬಾ ಅದೇ ಆಗಿತ್ತು. ಆತ ಅದರೊಳಗೆ ನಿಂತಿದ್ದ. ನಿಂತು, ತಿರುಗಿ ಬಂದ. ತಣ್ಣನೆಯ ಬೆಟ್ಟದ ಜನ ಈ ಬಿಸಿಕಾಡಿಗೆ ಬಂದು ನೆಲೆಸಿಯಾರೇ ಎಂಬ ಅನುಮಾನ ಒಂದು. ಮಾಚು ಪಿಚುವಿನಷ್ಟು ಸುಂದರವಾದದ್ದೇ ರಾಜಧಾನಿಯಾಗಿರಬೇಕು ಎಂಬ ಮನಸ್ಸಿನ ಎಳೆತ ಇನ್ನೊಂದು. ಕೊನೆಯವರೆಗೂ ಮಾಚು ಪಿಚುವೇ ವಿಲ್ಕಬಾಂಬಾ ಎಂದು ವಾದಿಸಿ 1956ರಲ್ಲಿ ತೀರಿಕೊಂಡ. 1964ರಲ್ಲಿ ಅನ್ವೇಷಕ ಜೀನ್ ಸವಾಯ್ ಎಸ್ಪಿರಿತು ಪಂಪದ ಕಾಡಿನಲ್ಲಿ ಇನ್ನೂ ವಿಸ್ತಾರವಾದ ಊರನ್ನು ಕಂಡ. 1970ರಲ್ಲಿ ಇತಿಹಾಸಕಾರ ಜಾನ್ ಹೆಮಿಂಗ್ ಹಳೆಯ ಸ್ಪ್ಯಾನಿಷ್ ಬರಹಗಳ ಜೊತೆ ಹೋಲಿಸಿ ನೋಡಿ ಅದೇ ವಿಲ್ಕಬಾಂಬಾ ಎಂದು ತೋರಿಸಿಕೊಟ್ಟರು.

ಹಾಗಾದರೆ ಮಾಚು ಪಿಚು ಏನು? ಪಚಕೂತಿ ಎಂಬ ದೊಡ್ಡ ದೊರೆಯ ಬೆಟ್ಟದ ಅರಮನೆ, ಖಾಸಗಿ ಎಸ್ಟೇಟು. 16ನೇ ಶತಮಾನದ ಭೂದಾಖಲೆಗಳಿಂದ ಇದನ್ನು ತೋರಿಸಿದವರು ಪುರಾತತ್ವಜ್ಞ ಜಾನ್ ರೋ. ಎಲುಬುಗಳ ಕಾಲನಿರ್ಣಯದಿಂದ, ಅಲ್ಲಿ ಸುಮಾರು 1420ರಿಂದಲೇ ಜನ ಇದ್ದರೆಂದು 2021ರಲ್ಲಿ ಗೊತ್ತಾಯಿತು. ಜಲತಜ್ಞ ಕೆನೆತ್ ರೈಟ್ ಅಳೆದಂತೆ, ಬೆಟ್ಟದ ಚಿಲುಮೆಯಿಂದ 749 ಮೀಟರ್ ಉದ್ದದ ಕಾಲುವೆ ನೀರು ತಂದು, ಒಂದರ ಕೆಳಗೊಂದು ಇರುವ 16 ತೊಟ್ಟಿಗಳಿಗೆ ಸುರಿಸುತ್ತದೆ. ಮೊದಲ ತೊಟ್ಟಿ ದೊರೆಯ ಮನೆಯ ಪಕ್ಕ. ವರ್ಷಕ್ಕೆ ಹತ್ತಿರ ಹತ್ತಿರ 2,000 ಮಿಲಿಮೀಟರ್ ಮಳೆ ಸುರಿಯುವ ಕಡಿದಾದ ಏಣಿನ ಮೇಲೆ ಆ ಊರು ಜಾರದೆ ನಿಂತದ್ದು ನೆಲದಡಿಯ ಕೆಲಸದಿಂದ. ಅಲ್ಲಿನ ನಿರ್ಮಾಣದ ಶೇಕಡಾ 60ರಷ್ಟು ಕಾಣದ ತಳಪಾಯದಲ್ಲೇ, ಕಲ್ಲುಚೂರು ತುಂಬಿದ ಬಸಿಗಾಲುವೆಯಲ್ಲೇ ಇದೆ ಎಂದು ರೈಟ್ ಅಂದಾಜು ಮಾಡಿದ್ದಾರೆ.

ಆ ಕಲ್ಲು ಹೊತ್ತವರು ಯಾರು? 1912ರ ಉತ್ಖನನದಲ್ಲಿ ಸಿಕ್ಕ ಅಸ್ಥಿಗಳಲ್ಲಿ ಹೆಂಗಸರವೇ ಹೆಚ್ಚು ಎಂದು ಬಿಂಗಮ್‌ನ ತಜ್ಞ ಹೇಳಿದ್ದರಿಂದ, ಸೂರ್ಯನ ಕನ್ಯೆಯರ ಊರು ಎಂಬ ಕಥೆ ಹುಟ್ಟಿತು. ಅಸ್ಥಿತಜ್ಞ ಜಾನ್ ವೆರಾನೊ ಮತ್ತೆ ಪರೀಕ್ಷಿಸಿದಾಗ ಗಂಡಸರೂ ಹೆಂಗಸರೂ ಹೆಚ್ಚುಕಡಿಮೆ ಸಮವಾಗಿದ್ದರು. 2023ರಲ್ಲಿ 34 ಮಂದಿಯ ಡಿಎನ್ಎ ಓದಿದರು. ಆಂಡಿಸ್ ಬೆಟ್ಟಸಾಲು, ಕರಾವಳಿ, ಅಮೆಜಾನ್ ಕಾಡು, ಹೀಗೆ ಸಾಮ್ರಾಜ್ಯದ ಮೂಲೆಮೂಲೆಯಿಂದ ತಂದು ಇರಿಸಿದ ಸೇವಕರು ಅವರು. ಆ ಊರಿನ ಹೆಸರೂ ನಾವು ಕರೆಯುವುದಲ್ಲ. ಹಳೆಯ ದಾಖಲೆಗಳ ಪ್ರಕಾರ ಅಲ್ಲಿದ್ದವರು ಅದನ್ನು ಕರೆಯುತ್ತಿದ್ದದ್ದು ಬಹುಶಃ ಹುಯ್ನಾ ಪಿಚು, ಇಲ್ಲವೇ ಬರೀ ಪಿಚು ಎಂದು ಸಂಶೋಧಕರಾದ ಬ್ರಯಾನ್ ಬಾವರ್ ಮತ್ತು ಕುಸ್ಕೊದ ದೊನಾತೊ ಅಮಾದೊ 2021ರಲ್ಲಿ ತೋರಿಸಿದರು.

ಬಿಂಗಮ್ ಯೇಲ್‌ಗೆ ಕೊಂಡೊಯ್ದ ಮಡಕೆ, ಎಲುಬು, ಲೋಹದ ಸಾಮಾನು ವಾಪಸು ಬರಲು ಪೆರು ಸುಮಾರು ನೂರು ವರ್ಷ ಕೇಳಬೇಕಾಯಿತು. 2010ರಲ್ಲಿ ಒಪ್ಪಂದವಾಗಿ, 2011ರಿಂದ ಅವು ಮರಳಿದವು. ಈಗ ಕುಸ್ಕೊದ ಕಾಸಾ ಕೊಂಚಾ ಎಂಬ ಹಳೆಯ ಮನೆಯಲ್ಲಿವೆ. ಮಾಚು ಪಿಚುವಿಗೆ ಹೋಗುವವರು ಅಲ್ಲಿಗೂ ಒಂದು ಮಧ್ಯಾಹ್ನ ಹೋಗಬೇಕು.

ಬೆಟ್ಟಕ್ಕೆ ಈಗ ಬಸ್ಸಿದೆ. ಅಂಕುಡೊಂಕಾಗಿ ಹತ್ತುವ ಆ ರಸ್ತೆಗೆ ಬಿಂಗಮ್‌ನದೇ ಹೆಸರು, 1948ರಲ್ಲಿ ಉದ್ಘಾಟನೆಗೆ ಆತನೇ ಬಂದಿದ್ದ. ಮೇಲೆ ಪ್ರವೇಶದ್ವಾರದ ಬಳಿ ಆತನ ನೆನಪಿಗೆ ಫಲಕ ಹಾಕಿದ್ದಾರೆ. ಅಲ್ಲಿಯೇ 1993ರ ಇನ್ನೊಂದು ಫಲಕವಿದೆ. ಬಿಂಗಮ್‌ಗಿಂತ ಮುಂಚೆ ಇಲ್ಲಿದ್ದವರೆಂದು ಮೆಲ್ಚೋರ್ ಆರ್ತೆಯಾಗಾ, ರಿಚಾರ್ತೆ ಮತ್ತು ಆಲ್ವಾರೆಸ್ ಅವರಿಗೆ ಕುಸ್ಕೊದ ಸಂಸ್ಕೃತಿ ಇಲಾಖೆ ಸಲ್ಲಿಸಿದ ಗೌರವ. ಟಿಕೆಟು ಹಿಡಿದು ಸಾಲಿನಲ್ಲಿ ಸಾಗುವವರು ಅದರ ಪಕ್ಕದಲ್ಲೇ ಹಾದು ಒಳಹೋಗುತ್ತಾರೆ.

ಗುಡ್ಡದ ಮೂಲೆ ತಿರುಗಿಸಿ ಆ ಊರನ್ನು ತೋರಿಸಿದ ಹುಡುಗನ ಹೆಸರು ಆ ಫಲಕದಲ್ಲಿ ಇಲ್ಲ. ಬಿಂಗಮ್ ತನ್ನ ಪುಸ್ತಕದಲ್ಲಿ ಅವನನ್ನು ಪುಟ್ಟ ಹುಡುಗ ಎಂದಷ್ಟೇ ಕರೆದ. ಆದರೆ 1911ರ ಜುಲೈ 24ರ ಫೋಟೊಗಳಲ್ಲಿ ಅವನಿದ್ದಾನೆ, ಸಾರ್ಜೆಂಟ್ ಕರಾಸ್ಕೊನ ಜೊತೆ, ಇಂಕಾಗಳ ಕಲ್ಲಿನ ಮುಂದೆ.